ಪೆಂಡಿಂಗ್ ಇಲ್ಲದ ಮನೆ

ನಮ್ಮ ದೊಡ್ಡಪ್ಪ ವೆಂಕಟಸ್ವಾಮಿ ಯಳಂದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನನಾಗಿ ಸೇರಿ, ದಫೇದಾರನಾಗಿ ರಿಟೈರಾಗಿ, ಕೊಳ್ಳೇಗಾಲದ ನಮ್ಮ ಮನೆಗೆ ಬಂದ ದಿನವೇ ಪೊರಕೆಗೊಂದು ಮೊಳೆ ಹೊಡೆದ.

ಅಲ್ಲಿಯವರೆಗೆ ನಮ್ಮ ಪೊರಕೆಗೆ ಸ್ವಂತ ವಿಳಾಸ ಅಂತ ಇರಲಿಲ್ಲ. ಕೊನೆಗೆ ಗುಡಿಸಿದವರ ಕೈ ಎಲ್ಲಿ ಬಿಟ್ಟಿತೋ ಅಲ್ಲಿ ಮಲಗಿರುತ್ತಿತ್ತು. ಪೊರಕೆ ಒಂದೇ ಅಲ್ಲ. ನಮ್ಮದು ರೇಷ್ಮೆ ನೇಯುವವರ ಮನೆ. ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಒಂದರಲ್ಲಿ ಅಪ್ಪ ಗೋವಿಂದಯ್ಯ ಕೂರುತ್ತಿದ್ದ, ಇನ್ನೊಂದರಲ್ಲಿ ನಾನು. ಮಗ್ಗಗಳು ಬಿಟ್ಟ ಜಾಗದಲ್ಲಿ ಅಮ್ಮ ರೇಷ್ಮೆ ಸುತ್ತುವ ರಾಟೆ, ಲಾಳಿಗೆ ಹಾಕುವ ಕಂಡಿಕೆಗಳ ಬುಟ್ಟಿ, ರಾಗಿ ಚೀಲ, ಸುತ್ತಿಡದ ಚಾಪೆ, ನೆನೆದ ಬಟ್ಟೆ, ಕುಡಿದಿಟ್ಟ ಲೋಟ ಎಲ್ಲವೂ ಒಂದರ ತೊಡೆಯ ಮೇಲೊಂದು ತಲೆಯಿಟ್ಟುಕೊಂಡು ಸಂಸಾರ ಮಾಡುತ್ತಿದ್ದವು. ಮನೆಗೆ ಬಂದ ನೆಂಟರು ಕೂರುವ ಮೊದಲು ಏನನ್ನಾದರೂ ಎತ್ತಬೇಕಿತ್ತು. ಎತ್ತಿದ್ದನ್ನು ಎಲ್ಲಿಡುವುದೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದರು.

ದಿನಕ್ಕೊಂದು ಸಲವಾದರೂ ಅಪ್ಪ ಕುಣಿಯಿಂದ ಕೂಗುತ್ತಿದ್ದ. "ಕತ್ರಿ ಎಲ್ಲದ?"

ಆಗ ಇಡೀ ಮನೆ ಹುಡುಕಬೇಕು. ನನಗೆ ಅದು ಇಷ್ಟದ ಹೊತ್ತು. ಮಗ್ಗದಿಂದ ಎದ್ದುಬರಲು ಅದಕ್ಕಿಂತ ಒಳ್ಳೆಯ ನೆಪ ಇರಲಿಲ್ಲ. ಬಯಲಿನ ಟೂರಿಂಗ್ ಟಾಕೀಸಿನಲ್ಲಿ ನೆಲದ ಟಿಕೀಟು ತೆಗೆದುಕೊಂಡು ಕೂತು ಕಲಿತ ವಿದ್ಯೆಯನ್ನು ಅಲ್ಲಿ ಉಪಯೋಗಿಸುತ್ತಿದ್ದೆ. ಎದೆಯ ಮೇಲೆ ಕೈಯಿಟ್ಟು, "ಕತ್ತರಿ, ಯಾವ ಜನ್ಮದ ಶಾಪಕ್ಕೆ ನಮ್ಮಿಬ್ಬರ ಅಗಲಿಕೆ" ಎಂದು ಹಿತ್ತಲವರೆಗೂ ಹೋಗಿಬರುತ್ತಿದ್ದೆ. ಕತ್ತರಿ ಉಪ್ಪಿನಕಾಯಿ ಜಾಡಿಯ ಬಟ್ಟೆ ಕಟ್ಟಿದ ಜಾಗದಲ್ಲೋ ದೇವರ ಗೂಡಿನಲ್ಲೋ ಸಿಗುತ್ತಿತ್ತು.

"ಸಿಕ್ತೇನ್ಲಾ ಲಿಂಗ?" ಎಂದು ಅಪ್ಪ ಕೇಳಿದರೆ, "ಮಹಾಪ್ರಭು, ಅಪರಾಧಿ ಸೆರೆ ಸಿಕ್ಕಿದ್ದಾನೆ" ಎಂದು ಒಪ್ಪಿಸುತ್ತಿದ್ದೆ. ಅಪ್ಪ ಕತ್ತರಿ ಕಿತ್ತುಕೊಳ್ಳುತ್ತಿದ್ದ.

ದೊಡ್ಡಪ್ಪ ಬಂದಮೇಲೆ ಈ ನಾಟಕಕ್ಕೆ ತೆರೆ ಬಿತ್ತು. ಆತ ಕತ್ತರಿಗೆ ಅಪ್ಪನ ಬಲಗೈ ಹತ್ತಿರ ಒಂದು ಮೊಳೆ ಹೊಡೆದ. ಮುದ್ದೆ ಕೋಲಿಗೊಂದು, ಲಾಟೀನಿಗೊಂದು, ಲಾಳಿಗಳಿಗೆ ಸಾಲಾಗಿ, ತನ್ನ ಛತ್ರಿಗೆ ಬಾಗಿಲ ಹಿಂದೆ ಒಂದು. ಮನೆಗೆಲ್ಲ ಒಂದೇ ಕಾನೂನು ಮಾಡಿದ.

"ತಕಂಡಿದ್ದು ತಕಂಡ ಜಾಗಕ್ಕೇ ಓಗ್ಬೇಕು. ಇನ್ನೊಂದ್ನ ಮುಟ್ಟೋ ಮುಂಚೆ. ಅಷ್ಟೇ ಕಣ್ಲಾ, ಇನ್ನೇನಿಲ್ಲ. ಪೆಂಡಿಂಗ್ ಮಡಗಬ್ಯಾಡಿ."

ಹೊಸ್ತಿಲ ಮೇಲೆ ಬಿಟ್ಟ ಕಾಫಿ ಲೋಟ ಪೆಂಡಿಂಗು. ಒದ್ದೆ ಟವೆಲು ಪೆಂಡಿಂಗು. ಎದ್ದಮೇಲೂ ಹಾಸಿಕೊಂಡಿದ್ದ ಚಾಪೆ ದೊಡ್ಡ ಪೆಂಡಿಂಗು. ರಾತ್ರಿ ಊಟವಾದಮೇಲೆ ದೀಪ ಸಣ್ಣದು ಮಾಡುವ ಮುಂಚೆ ಪ್ರತಿಯೊಬ್ಬರೂ ಪಡಸಾಲೆಯಲ್ಲಿ ಒಂದು ಸುತ್ತು ಹಾಕಿ, ತಮ್ಮದಲ್ಲದ ಒಂದು ವಸ್ತುವನ್ನಾದರೂ ಜಾಗಕ್ಕೆ ಸೇರಿಸಬೇಕು. ನಾನು ಒಂದು ರಾತ್ರಿ ಅಪ್ಪನ ಭುಜ ಹಿಡಿದು ಚಾಪೆಗೆ ಸೇರಿಸಲು ಹೋಗಿ ಬೈಸಿಕೊಂಡೆ.

ಇದರಲ್ಲಿ ಕಷ್ಟವಾದದ್ದು ಅಮ್ಮನಿಗೆ. ನಮ್ಮಮ್ಮ ದೇವೀರಮ್ಮ ಭಾವನ ಜೊತೆ ನೇರವಾಗಿ ಮಾತಾಡುವಂತಿರಲಿಲ್ಲ. ಗಂಡನ ಅಣ್ಣ ಎದುರಿಗಿದ್ದರೆ ಸೆರಗು ಎಳೆದುಕೊಂಡು ಪಡಸಾಲೆಯ ಕಂಬಕ್ಕೆ ಹೇಳುತ್ತಿದ್ದಳು. ದೊಡ್ಡಪ್ಪನೂ ಮರ್ಯಾದಸ್ಥ, ಕಂಬಕ್ಕೇ ಉತ್ತರ ಕೊಡುತ್ತಿದ್ದ. ಕಂಬ ಇಲ್ಲದ ಕಡೆ ನಾನು ಕಂಬ.

"ಒಲೆ ಮಗ್ಗುಲಲ್ಲಿ ಒಣಗಲಿ ಅಂತ ಸೌದೆ ಮಡಗಿದ್ದೆ. ಯಾರೋ ತಕಂಡೋಗಿ ಹಿತ್ಲಲ್ಲಿ ಜೋಡ್ಸವ್ರೆ" ಎಂದಳು ಒಂದು ದಿನ ಕಂಬಕ್ಕೆ.

"ಒಲೆ ಮಗ್ಗುಲಲ್ಲಿ ಸೌದೆ ಇದ್ರ ಕಿಡಿ ಬೀಳ್ತದ" ಎಂದ ದೊಡ್ಡಪ್ಪ ಅದೇ ಕಂಬಕ್ಕೆ.

"ನಾ ಬಂದಾಗಿಂದ್ಲೂ ಬಿದ್ದಿಲ್ಲ."

"ಬಿದ್ದ ದಿನ, ಬಿತ್ತು ಅಂತ ಏಳಾಕ ಮನೆ ಇರಲ್ಲ."

ಕಂಬ ಯಾರ ಪಕ್ಷವನ್ನೂ ವಹಿಸಲಿಲ್ಲ.

ನಾನು ಒಂದು ಸಣ್ಣ ಪರೀಕ್ಷೆ ಮಾಡಿದೆ. ಬೆಳಗ್ಗೆ ದೊಡ್ಡಪ್ಪ ಸ್ನಾನ ಮಾಡುವಾಗ ಛತ್ರಿಯ ಮೊಳೆಗೆ ಪೊರಕೆಯನ್ನೂ ಪೊರಕೆಯ ಮೊಳೆಗೆ ಛತ್ರಿಯನ್ನೂ ನೇತುಹಾಕಿದೆ. ಆತ ವಿಭೂತಿ ಇಟ್ಟುಕೊಂಡು, ಕೋಟು ತೊಟ್ಟು, ಬಾಗಿಲ ಹಿಂದೆ ಕೈ ಹಾಕಿ, ಸಿಕ್ಕಿದ್ದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ನೇಕಾರ ಬೀದಿಯ ಉದ್ದಕ್ಕೂ ಲಾಳಿಗಳು ನಿಂತವು. ಮೂಲೆಯ ಕಾಫಿ ಹೋಟೆಲಿನವನು ಕೇಳಿದನಂತೆ: "ಏನ್ ಸ್ವಾಮಿ, ಇವತ್ತು ನಮ್ಮ ಓಟ್ಲು ಗುಡಿಸಿ ಓಗ್ತೀರಾ?"

ದೊಡ್ಡಪ್ಪ ವಾಪಸ್ಸು ಬಂದ. ಪೊರಕೆಯನ್ನು ಅದರ ಮೊಳೆಗೆ ಹಾಕಿದ, ಛತ್ರಿ ತೆಗೆದುಕೊಂಡ. ನಾನು ಮಗ್ಗದಲ್ಲಿ ತಲೆ ಬಗ್ಗಿಸಿ ಬಹಳ ಶ್ರದ್ಧೆಯಿಂದ ನೇಯುತ್ತಿದ್ದೆ.

"ಲಿಂಗ, ನಾ ಕಣ್ಣಾಕ್ದೇ ಕೈಯಾಕ್ದೆ. ಅಂದ್ರ ಏನರ್ಥ ಏಳು?"

"ಏನು ದೊಡ್ಡಪ್ಪ?"

"ಮೊಳೆ ಕೆಲ್ಸ ಮಾಡ್ತಾ ಅದ ಅಂತ."

ನಾನು ತಲೆಯನ್ನು ಇನ್ನಷ್ಟು ಬಗ್ಗಿಸಿ ಲಾಳಿ ಹಾರಿಸಿದೆ.

ಮೊಳೆ ನಿಜವಾಗಿಯೂ ಕೆಲಸ ಮಾಡುತ್ತಿತ್ತು. ಅಪ್ಪ ಕೂಗುವುದು ನಿಂತಿತು. ಅಪ್ಪನ ಕೈ ತಾನಾಗಿ ಹೋಗಿ ಕತ್ತರಿ ತೆಗೆದು, ತಾನಾಗಿ ವಾಪಸ್ಸು ಇಡುತ್ತಿತ್ತು. ಅಮ್ಮನಿಗೆ ಮಧ್ಯಾಹ್ನ ಒಂದು ಗಳಿಗೆ ಉಳಿಯತೊಡಗಿತು. ಅದನ್ನು ಏನು ಮಾಡುವುದೆಂದು ತಿಳಿಯದೆ ಮೊದಮೊದಲು ಬಾಗಿಲಲ್ಲಿ ನಿಂತಳು, ಆಮೇಲೆ ಒರಗಿಕೊಂಡಳು. ಆದರೆ ಒಂದು ಮಾತು ಉಳಿದೇ ಇತ್ತು. ಪಡಸಾಲೆಯಲ್ಲಿ ದೊಡ್ಡಪ್ಪ ಮಲಗಲು ಜಾಗ ಬೇಕಾಗಿ ಅಮ್ಮನ ರಾಟೆ ಅಡುಗೆಮನೆಯ ಮೂಲೆಗೆ ಹೋಗಿತ್ತು. ಅಲ್ಲಿ ಹೊಗೆ. ರೇಷ್ಮೆ ಮಂಕಾಗುತ್ತದೆಂದು ಅಮ್ಮ ಒಲೆ ಹಚ್ಚಿದಾಗ ಸುತ್ತುವುದನ್ನು ನಿಲ್ಲಿಸಬೇಕಿತ್ತು, ಸುತ್ತುವಾಗ ಒಲೆ ಆರಿಸಬೇಕಿತ್ತು.

ಒಂದು ರಾತ್ರಿ ಊಟಕ್ಕೆ ಕೂತಾಗ ಅಮ್ಮ ಅಪ್ಪನಿಗೆ ಹೇಳಿದಳು.

"ಎಲ್ಲಕ್ಕೂ ಜಾಗ ಮಾಡವ್ರೆ ನಿಮ್ಮಣ್ಣ, ಸರಿ. ನನ್ನ ರಾಟೆಗ ಜಾಗ ಎಲ್ಲದ?"

"ಏನ್ ಮಾಡು ಅಂತೀಯಾ?" ಎಂದ ಅಪ್ಪ.

"ಹನೂರು ಮಾದಯ್ಯ ಕರೀತಾನೇ ಅವ್ನೆ. ಮಿಲ್ಲಲ್ಲಿ ಒಬ್ರು ಬೇಕು ಅಂತಾನ. ನವರಾತ್ರಿ ಕಳೀಲಿ. ಆಮೇಲೆ ನಿಮ್ಮಣ್ಣ ಅಲ್ಲಿಗೋಗಿ ಇರಲಿ."

ಅಪ್ಪ ಮುದ್ದೆ ಮುರಿಯುತ್ತಾ ಕೂತಿದ್ದ. ಇಲ್ಲ ಎನ್ನಲಿಲ್ಲ. ದೊಡ್ಡಪ್ಪ ಊಟ ಮುಗಿಸಿ ಜಗುಲಿಯಲ್ಲಿದ್ದ. ಕೇಳಿಸಿರಲಿಕ್ಕಿಲ್ಲ ಎಂದು ಅಂದುಕೊಳ್ಳುವಷ್ಟು ದೊಡ್ಡ ಮನೆ ನಮ್ಮದಲ್ಲ.

ಮಾದಯ್ಯ ದೊಡ್ಡಪ್ಪನ ತೀರಿಹೋದ ಹೆಂಡತಿಯ ಅಣ್ಣನ ಮಗ. ಹನೂರಿನಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ದೊಡ್ಡಪ್ಪನಿಗೆ ಮಕ್ಕಳಿಲ್ಲ, ಸರ್ಕಾರದ ಮನೆ ಬಿಟ್ಟಾಗಿತ್ತು. ನಮ್ಮ ಮನೆ ಬಿಟ್ಟರೆ ಆ ಗಿರಣಿಯೇ. ರಿಟೈರಾದ ಹೊಸತರಲ್ಲಿ ಒಂದು ವಾರ ಇದ್ದು ಬರುತ್ತೇನೆಂದು ಅಲ್ಲಿಗೆ ಹೋದವನು ಮರುದಿನದ ಬಸ್ಸಿಗೇ ಕಣ್ರೆಪ್ಪೆವರೆಗೂ ಬೆಳ್ಳಗಾಗಿ ಬಂದಿದ್ದ. "ಅಲ್ಲಿ ಮೊಳೆ ಒಡ್ಯಾಕ ಗೋಡೆನೇ ಕಾಣಲ್ಲ ಕಣ್ಲಾ. ವರ್ಸಿದ್ರ ಮತ್ತ ಬೀಳ್ತದ. ಅದು ಪೆಂಡಿಂಗಲ್ಲ, ಮಳೆ" ಎಂದಿದ್ದ.

ಮರುದಿನ ದೊಡ್ಡಪ್ಪ ನನ್ನನ್ನು ಹಿತ್ತಲಿಗೆ ಕರೆದ.

"ಲಿಂಗ, ನನ್ನಿಂದ ಈ ಮನೇಗ ಇನ್ನೇನ್ ಕೆಲ್ಸ ಆಗ್ಬೇಕು ಅಂತ ನಿಮ್ಮವ್ವನ್ನ ಕೇಳಿ ಏಳು. ನಾ ಕೇಳ್ದೆ ಅನ್ನಬ್ಯಾಡ."

ನಾನು ಹೋಗಿ ಅಮ್ಮನನ್ನು ಕೇಳಿದೆ. ಅಮ್ಮ ಹಲಗೆಯ ಮೇಲೆ ಸೊಪ್ಪು ಹೆಚ್ಚುತ್ತಿದ್ದಳು.

"ಏನೂ ಬ್ಯಾಡ. ಕೈ ಕಟ್ಕಂಡು ಕೂತ್ರ ಅದೇ ದೊಡ್ಡ ಉಪಕಾರ."

ನಾನು ದೊಡ್ಡಪ್ಪನಿಗೆ "ಏನೂ ಬ್ಯಾಡವಂತೆ" ಎಂದಷ್ಟೇ ಹೇಳಿದೆ. ಆತ ಅದನ್ನು ನಂಬಲಿಲ್ಲ. ಇನ್ನಷ್ಟು ಕೆಲಸ ಹುಡುಕಿಕೊಂಡ. ನೀರು ತುಂಬುವ ಬಾನಿಗೆ ಮುಚ್ಚಳ ಬಂತು. ಚಪ್ಪಲಿಗಳು ಹೊರಡಲು ಸಿದ್ಧವಾಗಿ ಬೀದಿಯ ಕಡೆ ಮುಖ ಮಾಡಿ ನಿಂತವು. ಮನೆಗೆ ಬಂದ ಪ್ರತಿಯೊಂದು ದಾರವೂ ಉಂಡೆಯಾಗತೊಡಗಿತು.

ಈ ದಾರದ ಉಂಡೆ ಕಚೇರಿಯಿಂದ ಬಂದ ಅಭ್ಯಾಸ. ಅಲ್ಲಿ ಫೈಲಿನ ಕಟ್ಟು ಬಿಚ್ಚಿದಾಗ ದಾರ ಬಿಸಾಡಿದರೆ ಸಾಹೇಬರು ಬೈಯುತ್ತಿದ್ದರಂತೆ. ಗಂಟು ಕತ್ತರಿಸದೆ ಬಿಚ್ಚಬೇಕು, ತುದಿಗೆ ತುದಿ ಕಟ್ಟಬೇಕು, ಉಂಡೆಗೆ ಸುತ್ತಬೇಕು. ಬೆಲ್ಲದ ಪೊಟ್ಟಣದ ದಾರ, ಹೂವಿನ ದಾರ, ಔಷಧಿ ಅಂಗಡಿಯ ದಾರ ಎಲ್ಲ ಸೇರಿ ನಿಂಬೆಹಣ್ಣಿನಷ್ಟಿದ್ದ ಉಂಡೆ ತೆಂಗಿನಕಾಯಿಯಷ್ಟಾಯಿತು. ಅದಕ್ಕೂ ಒಂದು ಗೂಡು.

ನವರಾತ್ರಿ ಕಳೆಯಿತು. ಮಾದಯ್ಯ ನಾಳೆ ಬರುತ್ತೇನೆಂದು ಹೇಳಿಕಳಿಸಿದ. ಅದೇ ದಿನ ಬೆಳಗ್ಗೆ ನಮ್ಮ ಮನೆಗೆ ಒಂದು ಹಾಸು ಬಂತು.

ಹಾಸು ಎಂದರೆ ಸೀರೆಯ ಉದ್ದದ ಎಳೆಗಳು. ನಮಗೆ ರೇಷ್ಮೆ ಕೊಡುವ ಸಾಹುಕಾರ ಗುರುಪಾದಸ್ವಾಮಿ ಅಗರದ ಒಂದು ಮದುವೆಗೆಂದು ಕೊಟ್ಟ ಅರಗಿನ ಬಣ್ಣದ ಹಾಸು ಅದು. ಮಗ್ಗದಲ್ಲಿ ಮುಗಿಯುತ್ತಿರುವ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆಯನ್ನು ಸೇರಿಸಿ, ಬೂದಿ ಮುಟ್ಟಿದ ಬೆರಳಲ್ಲಿ ಹೊಸೆಯಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತೇವೆ. ಹೆಂಗಸರ ಕೆಲಸ, ನಮ್ಮ ಬೀದಿಯಲ್ಲಿ ಅಮ್ಮನಷ್ಟು ಬೇಗ ಕೆಚ್ಚುವವರಿಲ್ಲ. ಆದರೆ ಎಷ್ಟೇ ಬೇಗದ ಬೆರಳಾದರೂ ಮುಂದಿನ ಎಳೆ ಯಾವುದೆಂದು ತಿಳಿಯಬೇಕು. ಅದಕ್ಕಾಗಿ ಹಾಸು ಹೂಡುವವರು ಎಳೆಗಳನ್ನು ಒಂದು ಮೇಲೆ ಒಂದು ಕೆಳಗೆ ಸರದಿಯಾಗಿ ಬಿಟ್ಟು, ನಡುವೆ ಎರಡು ಹತ್ತಿ ದಾರ ತೂರಿಸಿ ಕಟ್ಟಿರುತ್ತಾರೆ. ಕೈಯಿಂದ ಕೈಗೆ ಹೋಗಿ ಎಣ್ಣೆ ಜಿಡ್ಡು ಹಿಡಿದ, ನೋಡಲು ಏನೂ ಅಲ್ಲದ ದಾರ. ಆ ದಾರ ಇರುವವರೆಗೆ ಸಾವಿರಾರು ಎಳೆಗಳು ಸಾಲಿನಲ್ಲಿ ನಿಂತಿರುತ್ತವೆ.

ಅಪ್ಪ ಹಾಸನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹಾಸಿನ ಮೊಳೆಗೆ ನೇತುಹಾಕಿ, ಜರಿ ತರಲು ಸಾಹುಕಾರನ ಮನೆಗೆ ಹೋದ. ಅಮ್ಮ ನೀರಿಗೆ ಹೋದಳು. ನಾನು ಟಾಕೀಸಿನ ಹೊಸ ಪೋಸ್ಟರು ನೋಡಲು ಹೋದೆ. ದೊಡ್ಡಪ್ಪ ಒಬ್ಬನೇ ಉಳಿದ.

ಆತ ನೇಕಾರನ ಮಗನೇ. ಆದರೆ ಕಾಲು ಕುಣಿಗೆ ಎಟುಕುವ ಮೊದಲೇ ಅವನನ್ನು ಓದಲೆಂದು ಯಳಂದೂರಿನ ಬಂಧುಗಳ ಮನೆಗೆ ಬಿಟ್ಟಿದ್ದರು. ಬಟ್ಟೆಗಂಟು ಸೊಟ್ಟಗೆ ಕಂಡಿತಂತೆ. ಬಿಚ್ಚಿದ, ಚೆನ್ನಾಗಿ ಮಡಿಸಲೆಂದು. ಒಳಗೆ ಅಷ್ಟು ಹೊಳೆಯುವ ರೇಷ್ಮೆಗೆ ಯಾರೋ ಕೊಳಕು ದಾರ ಕಟ್ಟಿದ್ದರು. ಗಂಟನ್ನು ಕತ್ತರಿಸದೆ ಉಗುರಿನಲ್ಲಿ ಬಿಡಿಸಿದ, ನಿಧಾನಕ್ಕೆ ಎಳೆದ, ಉಂಡೆಗೆ ಸುತ್ತಿದ. ಹಾಸನ್ನು ಪೆಟ್ಟಿಗೆಯಲ್ಲಿಡುವ ಜರತಾರಿ ಸೀರೆಯ ಹಾಗೆ ಮಡಿಸಿ ಮೊಳೆಗೆ ಹಾಕಿದ.

ಅಪ್ಪನೂ ನಾನೂ ಒಟ್ಟಿಗೆ ಬಂದೆವು. ಅಪ್ಪ ಗಂಟು ಇಳಿಸಿ ಬಿಚ್ಚಿದ. ಎಳೆಗಳ ನಡುವೆ ಬೆರಳಾಡಿಸಿದ.

"ದಾರ ಎಲ್ಲಿ?"

"ಇಲ್ಲೇ ಅದ." ದೊಡ್ಡಪ್ಪ ಗೂಡಿನಿಂದ ಉಂಡೆ ತಂದು ತೋರಿಸಿದ. "ಒಂದ್ ಗಂಟೂ ಕುಯ್ದಿಲ್ಲ."

ಅಪ್ಪ ಕುಣಿಯ ಅಂಚಿಗೆ ಕೂತ. "ಅಣ್ಣ, ಎಳೆ ಸರದೀನೇ ಓಯ್ತಲ್ಲಣ್ಣ" ಎಂದ. ಜೋರಾಗಿ ಹೇಳಲಿಲ್ಲ.

ದೊಡ್ಡಪ್ಪ ರೇಷ್ಮೆಯನ್ನು ನೋಡಿದ, ಕೈಯ ಉಂಡೆಯನ್ನು ನೋಡಿದ. ಉಂಡೆಯನ್ನು ಬಿಚ್ಚತೊಡಗಿದ. "ಮೇಲುಗಡೇನೇ ಅದ. ಇದು ಒಂದು. ಇದು ಇನ್ನೊಂದು ಇರಬೇಕು. ಮತ್ತ ಕಟ್ಬುಡಾನ." ಅಪ್ಪ ತಲೆಯಾಡಿಸಿದ ಮೇಲೆ ಬಿಚ್ಚುವುದನ್ನು ನಿಲ್ಲಿಸಿದ.

ನನ್ನ ಬಾಯಿಗೆ ಒಂದು ಡೈಲಾಗು ಬಂದಿತ್ತು. ಅಪ್ಪ ನನ್ನ ಕಡೆ ನೋಡಿದ. ನಾನು ಅದನ್ನು ನುಂಗಿದೆ.

ಅಮ್ಮ ಸೊಂಟದ ಬಿಂದಿಗೆ ಇಳಿಸದೆ ಬಾಗಿಲಲ್ಲೇ ನಿಂತು ನೋಡಿದಳು. ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸೆರಗು ಸರಿಮಾಡಿಕೊಂಡು ಕಂಬಕ್ಕೆ ಕೇಳಿದಳು: "ಮಾದಯ್ಯ ನಾಳಕ ಬತ್ತಾನಲ್ವಾ?"

"ಬತ್ತಾನ" ಎಂದ ದೊಡ್ಡಪ್ಪ ಕಂಬಕ್ಕೆ.

ಆ ಸಂಜೆ ಆತ ತನ್ನ ಬಟ್ಟೆಬರೆ ಮಡಿಸಿದ. ಹೊಡೆದ ಮೊಳೆಗಳಲ್ಲಿ ಒಂದನ್ನೂ ಕೀಳಲಿಲ್ಲ. ಬೆಳಗ್ಗೆ ನಾನು ಏಳುವಷ್ಟರಲ್ಲಿ ಟ್ರಂಕು ಜಗುಲಿಯಲ್ಲಿತ್ತು, ಅದರ ಮೇಲೆ ಸುತ್ತಿದ ಹಾಸಿಗೆ. ದೊಡ್ಡಪ್ಪ ಕೋಟು ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ.

ಒಳಗೆ ಅಪ್ಪ ಅಮ್ಮ ಹಾಸು ಬಿಡಿಸುತ್ತಿದ್ದರು. ಸಾಹುಕಾರನಿಗೆ ಹೇಳುವಂತಿಲ್ಲ, ಮದುವೆ ಕಾಯುವಂತಿಲ್ಲ. ಸರದಿಯನ್ನು ಮತ್ತೆ ಹಿಡಿಯಬೇಕು. ಹಾಸಿನ ಮುಂದಿನ ಭಾಗವನ್ನು ಪಡಸಾಲೆಯಿಂದ ಜಗುಲಿಯವರೆಗೆ ಎಳೆದು ಕಟ್ಟಿ, ಜಗುಲಿಯ ತುದಿಯಲ್ಲಿ ನನ್ನನ್ನು ಕೂರಿಸಿದರು, ಬಿಗಿ ಸಡಿಲವಾಗದಂತೆ ಹಿಡಿದುಕೊಳ್ಳಲು. ನಡುವೆ ಅಪ್ಪ. ಅಂಚಿನಿಂದ ಒಂದೊಂದೇ ಎಳೆಯನ್ನು ಪಕ್ಕದ್ದರಿಂದ ಬಿಡಿಸಿ ಕೊಡಬೇಕು. ಒಳತುದಿಯಲ್ಲಿ ಅಮ್ಮ. ಒಂದನ್ನು ಮೇಲೆ ಒಂದನ್ನು ಕೆಳಗೆ ಹಾಕುತ್ತಾ ಹೋಗಬೇಕು. ಒಂದು ಹಿಡಿಯಾದಮೇಲೆ ದಾರ ತೂರಿಸಿ ಕಟ್ಟಬಹುದು. ಅಲ್ಲಿಯವರೆಗೆ ಮೇಲಿನವನ್ನು ಒಂದು ಕೈಯಲ್ಲಿ ಕೆಳಗಿನವನ್ನು ಒಂದು ಕೈಯಲ್ಲಿ ಹಿಡಿದು ಅಲುಗದೆ ಕೂರಲು ಇನ್ನೊಬ್ಬರು ಬೇಕು. ಇಂಥದಕ್ಕೆಲ್ಲ ಬರುತ್ತಿದ್ದ ಪಕ್ಕದ ಮನೆಯ ರಾಚಮ್ಮ ಮಗಳ ಬಾಣಂತನಕ್ಕೆ ಹೋಗಿದ್ದಳು. ಹಬ್ಬ ಮುಗಿದ ವಾರ, ಬೀದಿಯ ಯಾರ ಕೈಯೂ ಖಾಲಿ ಇರಲಿಲ್ಲ.

ಅಮ್ಮ ಸುತ್ತ ನೋಡಿದಳು. "ಅಲ್ಲಾಡ್ದಂಗ ಕೂರಾಕ ಯಾರಾರ ಇದ್ರ ಆಗ್ತಿತ್ತು" ಎಂದಳು ಕಂಬಕ್ಕೆ.

ದೊಡ್ಡಪ್ಪ ಕೋಟು ಬಿಚ್ಚಿ, ಜಗುಲಿಯಿಂದ ಒಳಗೆ ಬಂದು, ಅವಳ ಎದುರು ಚಕ್ಕಳಮಕ್ಕಳ ಹಾಕಿ ಕೂತ. ಎರಡೂ ಕೈ ಮುಂದೆ ಹಿಡಿದ.

ಮೊದಲ ಹಿಡಿಯಲ್ಲೇ ಒಂದು ಎಳೆ ಜಾರಿತು. ಆತ ಗಾಬರಿಯಿಂದ ಹಿಡಿಯಲು ಹೋದ, ಮಿಕ್ಕವೂ ಜಾರತೊಡಗಿದವು.

"ಕೈ ಬುಡಬ್ಯಾಡಿ" ಎಂದಳು ಅಮ್ಮ, ಮುಖ ನೋಡಿ.

ಅಪ್ಪನ ಬೆರಳು ನಿಂತಿತು. ನಾನು ಜಗುಲಿಯಿಂದ ಕತ್ತು ಉದ್ದ ಮಾಡಿದೆ. ಅಮ್ಮ ಈ ಮನೆಗೆ ಸೊಸೆಯಾಗಿ ಬಂದಮೇಲೆ ಭಾವನಿಗೆ ಹೇಳಿದ ಮೊದಲ ಮಾತು ಅದು. ಎಳೆ ಜಾರುವಾಗ ಕಂಬವನ್ನು ಸುತ್ತಿಕೊಂಡು ಬರುವಷ್ಟು ಹೊತ್ತು ಇರಲಿಲ್ಲ.

"ಬುಡಲ್ಲ" ಎಂದ ದೊಡ್ಡಪ್ಪ.

ಆಮೇಲೆ ಬಿಡಲಿಲ್ಲ. ಸಾಹೇಬರ ಬಾಗಿಲ ಮುಂದಿನ ಸ್ಟೂಲಿನ ಮೇಲೆ ಆಯಸ್ಸೆಲ್ಲ ಕೂತ ಮನುಷ್ಯ ಅವನು. ಕೆಮ್ಮು ಬಂದರೆ ನುಂಗುವುದು, ನೊಣ ಕೂತರೆ ಹಾರಿಹೋಗುವವರೆಗೆ ಕಾಯುವುದು, ಇವು ಅವನಿಗೆ ಅಭ್ಯಾಸ. ಅಪ್ಪ ಬಿಡಿಸಿ ಕೊಟ್ಟ, ಅಮ್ಮ ಸರಿಸಿ ಹಾಕಿದಳು, ದೊಡ್ಡಪ್ಪನ ಕೈ ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತು. ಹಿಡಿ ತುಂಬಿದಾಗ ಅಮ್ಮ ದಾರ ತೂರಿಸಿ ಕಟ್ಟುವಳು. ಆತ ಬೆರಳು ಮಡಚಿ ಬಿಚ್ಚುವಷ್ಟರಲ್ಲಿ ಇನ್ನೊಂದು ಹಿಡಿ ಶುರುವಾಗುತ್ತಿತ್ತು.

ಹೊತ್ತು ನೆತ್ತಿಗೆ ಬಂದಾಗ ಮಾದಯ್ಯ ಬಂದ. ದಪ್ಪ ಆಳು. ಸ್ನಾನ ಮಾಡಿ, ಇಸ್ತ್ರಿ ಷರಟು ಹಾಕಿಕೊಂಡು ಬಂದಿದ್ದರೂ ಕಿವಿಯ ಕೂದಲಲ್ಲಿ ಹಿಟ್ಟಿತ್ತು.

"ಮಾವ ರೆಡಿನೇನ್ಲಾ?" ಎಂದು ನನ್ನನ್ನು ಕೇಳಿದ.

"ಬನ್ನಿ ಸೇನಾಪತಿಗಳೇ, ಆಸೀನರಾಗಿ" ಎಂದು ನಾನು ಟ್ರಂಕು ತೋರಿಸಿದೆ. ನನ್ನ ಕೈಗಳು ಹಾಸಿನಲ್ಲಿದ್ದುದರಿಂದ ಗಲ್ಲದಲ್ಲಿ ತೋರಿಸಬೇಕಾಯಿತು.

"ಇದ್ಯಾವ ಪಿಚ್ಚರು?"

"ಇನ್ನೂ ನಡೀತಾ ಅದ, ಮಾದಯ್ಯಣ್ಣ. ಕೊನೆ ರೀಲು ಬಂದಿಲ್ಲ."

ಮಾದಯ್ಯ ಟ್ರಂಕಿನ ಮೇಲೆ ಕೂತು ಒಳಗೆ ಇಣುಕಿದ. "ಮಾವ, ಓಗಾನ್ವಾ?"

"ಈ ಹಿಡಿ ಮುಗೀಲಪ್ಪ" ಎಂದ ದೊಡ್ಡಪ್ಪ.

ಮಾದಯ್ಯ ಕಾಯುತ್ತಾ ನನಗೆ ತನ್ನ ಕಷ್ಟ ಹೇಳಿಕೊಂಡ. ಗಿರಣಿಯಲ್ಲಿ ಜನ ರಾಗಿ ತಂದು ಸುರಿಯುತ್ತಾರೆ, ಯಾರ ಚೀಲ ಯಾರು ಹೊತ್ತರೋ ಗೊತ್ತಾಗುವುದಿಲ್ಲ, ದಿನಾ ಜಗಳ. "ಮಾವ ಬಂದ್ರ ಎಲ್ಲಾರ್ನೂ ಲೈನಲ್ಲಿ ನಿಲ್ಸ್ತಾರ. ಅವರ್ಗೂ ವತ್ತು ಓಯ್ತದ. ನಾ ಏನ್ ಸುಮ್ಕ ಅನ್ನ ಆಕ್ತೀನಿ ಅಂತಿಲ್ಲ. ಅವ್ರು ಬೇಕು ನಂಗ." ಮಾದಯ್ಯ ಒಳ್ಳೆಯವನೇ. ಅದೇ ತೊಂದರೆ. ಕೆಟ್ಟವನಾಗಿದ್ದರೆ ನನಗೆ ಕಥೆ ಸುಲಭವಾಗಿ ತಿಳಿಯುತ್ತಿತ್ತು.

ಹಿಡಿ ಮುಗಿಯಿತು. ಮಾದಯ್ಯ ಎದ್ದು ನಿಂತ. ಅಷ್ಟರಲ್ಲಿ ಇನ್ನೊಂದು ಹಿಡಿಯ ಎಳೆಗಳು ದೊಡ್ಡಪ್ಪನ ಬೆರಳುಗಳ ನಡುವೆ ಬಂದಿದ್ದವು. ಮಾದಯ್ಯ ಕೂತ.

ಊಟಕ್ಕೆ ಎದ್ದೆವು. ಅಮ್ಮ ಮಾದಯ್ಯನಿಗೆ ಮುದ್ದೆ, ಹುರುಳಿ ಸಾರು ಬಡಿಸಿದಳು. "ಮಿಲ್ಲು ಎಂಗದ?" ಎಂದಳು. "ನಡೀತದ ಅಕ್ಕ" ಎಂದ. ದೊಡ್ಡಪ್ಪ ಕೈ ತೊಳೆದು ಬಂದು, ತೊಟ್ಟುಕೊಳ್ಳಲೆಂದು ಜಗುಲಿಯ ಕೋಟಿನ ಕಡೆ ಹೋದ. ಅಮ್ಮ ಆಗಲೇ ತನ್ನ ಜಾಗದಲ್ಲಿ ಕೂತು ಬೆರಳಿಗೆ ಬೂದಿ ಮುಟ್ಟಿಸಿಕೊಳ್ಳುತ್ತಿದ್ದಳು.

"ಕೂತ್ಕಳಿ" ಎಂದಳು.

ದೊಡ್ಡಪ್ಪ ಕೋಟು ಬಿಟ್ಟು ಬಂದು ಕೂತ.

ಕೆಲಸ ಇರುವಾಗ ಕೈ ಬೇಕು, ಕೈ ಇದೆ, ಕೂರಿಸಿಕೊಂಡಿದ್ದಾಳೆ ಎಂದು ನಾನು ಅಂದುಕೊಂಡೆ. ಅಪ್ಪನೂ ಹಾಗೇ ಅಂದುಕೊಂಡಿರಬೇಕು. ಬಿಸಿಲು ಜಗುಲಿಯಿಂದ ಇಳಿದು ಎದುರು ಮನೆಯ ಗೋಡೆ ಹತ್ತಿದಾಗ ಒಂದು ಹಿಡಿ ಮುಗಿಯಿತು. ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡ.

"ಇವತ್ತಿಗ ಸಾಕು. ಎಳೆ ಕಾಣ್ತಾ ಇಲ್ಲ. ಮಿಕ್ಕಿದ್ದು ಬೆಳಿಗ್ಗೆ ನಾವ್ ಮೂರ್ ಜನಾನೇ ಎಂಗೋ ಮಾಡ್ಕಳಾನ. ಅಣ್ಣಂಗ ಬಸ್ಸಾಯ್ತದ."

"ಇನ್ನೊಂದ್ ಹಿಡಿ" ಎಂದಳು ಅಮ್ಮ.

"ಕತ್ಲಾಯ್ತಲ್ಲೇ."

"ಲಾಟೀನು ಹಚ್ಚಿ."

ಅಪ್ಪ ಅವಳನ್ನು ನೋಡಿದ. ಜಗುಲಿಯಲ್ಲಿದ್ದ ಮಾದಯ್ಯನನ್ನು ನೋಡಿದ. ಆಮೇಲೆ ಎದ್ದುಹೋಗಿ ಲಾಟೀನು ಹಚ್ಚಿ ತಂದು ನಡುವೆ ಇಟ್ಟ. ಮೊದಲ ಎಳೆ ಬಿಡಿಸಿ ಕೊಟ್ಟ. ಅಮ್ಮ ಅದನ್ನು ದೊಡ್ಡಪ್ಪನ ಎಡಗೈಯಲ್ಲಿಟ್ಟಳು, ಎರಡನೆಯದನ್ನು ಬಲಗೈಯಲ್ಲಿಟ್ಟಳು. ಅವಸರವಿಲ್ಲ. ಬೆಳಗ್ಗೆ ಇದ್ದದ್ದಕ್ಕಿಂತ ನಿಧಾನ. ನಮ್ಮ ಬೀದಿಯಲ್ಲೇ ಬೇಗದ ಬೆರಳು ಅವಳದು.

ಬಜಾರಿನ ಕಡೆಯಿಂದ ಹನೂರು ಬಸ್ಸಿನ ಹಾರನ್ನು ಕೇಳಿಸಿತು. ಹೊರಡುವ ಮುಂಚೆ ಹೊಡೆಯುವ ಹಾರನ್ನು.

ಮಾದಯ್ಯ ಎದ್ದು ಬಾಗಿಲಿಗೆ ಬಂದ. "ಅಕ್ಕ, ಬಸ್ಸು."

"ನೀ ಓಗಪ್ಪ. ಇವರ ಕೈ ಖಾಲಿ ಇಲ್ಲ."

"ಅಂಗಾರ ನಾಳ ಬರ್ಲಾ?"

"ನಾಳಾನೂ ಇದೇ ಹಾಸು. ಸರದಿ ಸಿಕ್ಮೇಲೆ ಕೆಚ್ಬೇಕು."

"ದೀಪಾವಳಿಗ?"

"ಅಷ್ಟೊತ್ತಿಗ ಇನ್ನೊಂದು ಬತ್ತದ" ಎಂದಳು ಅಮ್ಮ, ತಲೆ ಎತ್ತದೆ.

ಮಾದಯ್ಯ ಕಿವಿ ತುರಿಸಿಕೊಂಡ. "ಮಾವ, ನೀವ್ ಏನಂತೀರಿ?"

"ಮಾತಾಡ್ಸಬ್ಯಾಡಪ್ಪ" ಎಂದ ದೊಡ್ಡಪ್ಪ. ಕಣ್ಣು ಬೆರಳುಗಳ ಮೇಲಿತ್ತು. "ಎಳೆ ಓಯ್ತದ."

ಮಾದಯ್ಯ ಚಪ್ಪಲಿ ಮೆಟ್ಟಿಕೊಂಡ. ಆಗ ಅಮ್ಮ ಕರೆದಳು.

"ಮಾದಯ್ಯ, ಓಗೋ ಮುಂಚೆ ಆ ಟ್ರಂಕ್ನ ವಸಿ ಒಳಕ್ಕ ತಳ್ಬುಡು. ಬಾಗಲಗ ಅಡ್ಡ ಅದ."

ಮಾದಯ್ಯ ಚಪ್ಪಲಿ ಬಿಟ್ಟು, ಹಾಸಿಗೆಯನ್ನು ತೋಳಿಗೆ ಸಿಕ್ಕಿಸಿಕೊಂಡು, ಹಾಸಿನ ಕೆಳಗೆ ಬಗ್ಗಿ ಟ್ರಂಕನ್ನು ಪಡಸಾಲೆಯ ಗೋಡೆಯವರೆಗೂ ತಳ್ಳಿದ. ನೆಲಕ್ಕೆ ಉಜ್ಜಿ ಜೋರಾಗಿ ಸದ್ದಾಯಿತು. ದೊಡ್ಡಪ್ಪನ ಕೈ ಅಲುಗಲಿಲ್ಲ. ಮಾದಯ್ಯ ಹೊರಗೆ ಬಂದು ಷರಟು ಕೊಡವಿಕೊಂಡು ಬಸ್ಸಿಗೆ ಓಡಿದ.

"ಬಿಗಿ ಸಡ್ಲ ಆಯ್ತು ಕಣ್ಲಾ, ಸರ್ಯಾಗ್ ಹಿಡ್ಕ" ಎಂದು ಅಪ್ಪ ಒಳಗಿನಿಂದ ಹೇಳಿದ. ನಾನು ಎಳೆದು ಹಿಡಿದೆ.